ಪುನರ್ವಸು ಮಳೆಯ ಒಂದು ರಾತ್ರಿ: ರಾಡಾರ್‌ನಲ್ಲಿ ಹಳದಿ, ಸಂಕದ ಮೇಲೆ ಹೊಳೆ

ಈ ಪ್ರಕರಣದ ಊರು ಅಂಕೋಲಾ ಮತ್ತು ಕುಮಟಾ ನಡುವೆ ಎಲ್ಲೋ ಘಟ್ಟದ ಬುಡದಲ್ಲಿದೆ ಅಂದುಕೊಳ್ಳಿ. ಊರಿನ ಹೆಸರು, ಹೊಳೆಯ ಹೆಸರು, ಯಾವ ವರ್ಷ ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಜನರನ್ನೂ ಊರಲ್ಲಿ ಕರೆಯುವ ಹಾಗೆ ಅಕ್ಕೋರು, ಹುಡುಗ, ಅಜ್ಜ ಅಂತಷ್ಟೇ ಬರೆದಿದ್ದೇನೆ. ಎರಡು ಮಳೆಗಾಲ ನಾನು ಈ ತಂಡದ ಜೊತೆಗಿದ್ದೆ. ಲೆಕ್ಕ ಬರೆದಿಡುವ ಕೆಲಸ ನನ್ನದಾಗಿತ್ತು.

ಹಿನ್ನೆಲೆ

ಘಟ್ಟದಿಂದ ಇಳಿದು ಬರುವ ಒಂದು ಹೊಳೆ. ದಂಡೆಯ ತಗ್ಗಿನಲ್ಲಿ ಹನ್ನೊಂದು ಮನೆ, ಅವುಗಳ ಹಿಂದೆ ಅಡಿಕೆ ತೋಟ. ಹೊಳೆ ದಾಟಲು ಇದ್ದದ್ದು ಒಂದು ಸಂಕ, ಅದಕ್ಕೆ ಕಲ್ಲಿನ ಕಂಬ, ಮೇಲೆ ಕಾಂಕ್ರೀಟ್ ಹಲಗೆ. ಶಾಲೆ ಎತ್ತರದ ಜಾಗದಲ್ಲಿದೆ. ನೀರು ಏರಿದರೆ ಹನ್ನೊಂದು ಮನೆಯವರೂ ಸಂಕ ದಾಟಿ ಶಾಲೆಗೆ ಹೋಗಬೇಕು. ಸಂಕದ ಮೇಲೆ ನೀರು ಬಂದ ಮೇಲೆ ಹೋಗಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಹೊತ್ತಿಗೆ ಎಬ್ಬಿಸಬೇಕು?

ಊರಿನ ಐದು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಅದರಲ್ಲಿ ಡಿಗ್ರಿ ಓದುತ್ತಿದ್ದ ಹುಡುಗ ಒಬ್ಬ ಚುರುಕು. ಗೋವಾದ ಡಾಪ್ಲರ್ ರಾಡಾರ್ ಚಿತ್ರ, ಇನ್ಸಾಟ್ ಉಪಗ್ರಹದ ಮೋಡದ ಚಿತ್ರ, ಜಿಪಿಎಂ ಉಪಗ್ರಹಗಳ ಮಳೆ ನಕ್ಷೆ, ಎಲ್ಲವನ್ನೂ ಮೊಬೈಲ್‌ನಲ್ಲಿ ತೆಗೆದು ತೋರಿಸುತ್ತಿದ್ದ. ಅದನ್ನು ನಂಬಿ ತಂಡ ಒಂದು ನಿಯಮವನ್ನೂ ಮಾಡಿಕೊಂಡಿತ್ತು. ಊರಿನ ಮೇಲೆ ರಾಡಾರ್ ಹಸಿರು, ಹಳದಿ ದಾಟಿ ಜೋರು ಮಳೆಯ ಕೆಂಪು ಬಣ್ಣ ತೋರಿಸಿದರೆ, ಅಥವಾ ಉಪಗ್ರಹದ ನಕ್ಷೆಯಲ್ಲಿ ಒಟ್ಟು ಮಳೆ 100 ಮಿ.ಮೀ. ದಾಟಿದರೆ, ಮನೆಗಳನ್ನು ಎಬ್ಬಿಸುವುದು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಅದೇ ಊರಲ್ಲಿ ನಿವೃತ್ತ ಶಿಕ್ಷಕಿ ಒಬ್ಬರಿದ್ದಾರೆ. ಎಲ್ಲರಿಗೂ ಅಕ್ಕೋರು. ಅವರ ಅಂಗಳದಲ್ಲಿ ಕೈಯಿಂದ ಅಳೆಯುವ ಮಳೆಮಾಪಕ ಇದೆ. ಅದರ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದೆ. ನೀರು ಅಳೆಯುವ ಗಾಜಿನ ಲೋಟ ಒಂದು ಸಲಕ್ಕೆ 20 ಮಿ.ಮೀ. ಮಳೆ ಹಿಡಿಯುತ್ತದೆ. ಜೋರು ಮಳೆಯಲ್ಲಿ ಲೆಕ್ಕ ತಪ್ಪಬಾರದು ಅಂತ ಅವರು ಒಂದು ಉಪಾಯ ಮಾಡಿದ್ದರು. ಲೋಟ ತುಂಬಿಸಿ ಚೆಲ್ಲಿದಾಗಲೆಲ್ಲ ಜಗಲಿಯ ಮೇಲೆ ಒಂದು ಅಡಿಕೆ ಇಡುವುದು. ಆರು ಮಳೆಗಾಲದ ಲೆಕ್ಕ ಅವರ ನೋಟ್‌ಬುಕ್ಕಿನಲ್ಲಿತ್ತು. ಪಕ್ಕದಲ್ಲೇ ಆ ದಿನ ಸಂಕದ ಕಂಬದಲ್ಲಿ ನೀರು ಎಷ್ಟನೇ ಕಲ್ಲಿನವರೆಗೆ ಬಂತು ಅಂತಲೂ ಬರೆದಿಟ್ಟಿದ್ದರು. ಆ ನೋಟ್‌ಬುಕ್ಕಿನ ಬೆಲೆ ಆಗ ತಂಡದ ಯಾರಿಗೂ ಗೊತ್ತಿರಲಿಲ್ಲ.

ಆ ರಾತ್ರಿ

ಜುಲೈ, ಪುನರ್ವಸು ಮಳೆ. ಹಗಲೆಲ್ಲ ಜಿಟಿಜಿಟಿ. ರಾತ್ರಿ ಎಂಟರ ಮೇಲೆ ಹಿಡಿದುಕೊಂಡಿತು. ಗುಡುಗಿಲ್ಲ, ಮಿಂಚಿಲ್ಲ. ಒಂದೇ ಸಮನೆ ಸುರಿಯುವ ಮಳೆ. ನಮ್ಮ ಕಡೆಯವರಿಗೆ ಇದು ಗೊತ್ತಿರುವ ಮಳೆಯೇ. ಹೆದರಿಸುವ ಸದ್ದು ಇರುವುದಿಲ್ಲ, ನಿಲ್ಲುವುದೂ ಇಲ್ಲ.

ಹನ್ನೊಂದು ಗಂಟೆಗೆ ಅಕ್ಕೋರ ಮಾಪಕದಲ್ಲಿ 58 ಮಿ.ಮೀ. ಹುಡುಗ ರಾಡಾರ್ ನೋಡಿದ. ಊರಿನ ಮೇಲೆ ಹಸಿರು, ನಡುನಡುವೆ ಹಳದಿ. ಜಿಪಿಎಂ ನಕ್ಷೆಯಲ್ಲಿ ತಿಳಿ ನೀಲಿ. "ಅಷ್ಟೇನೂ ಇಲ್ಲ" ಅಂತ ಗುಂಪಿಗೆ ಹಾಕಿದ.

1 ಗಂಟೆ 10 ನಿಮಿಷಕ್ಕೆ ಅಕ್ಕೋರು ಫೋನ್ ಮಾಡಿದರು.

"ತಮಾ, ಏಳು ಅಡಿಕೆ ಆತು. ಎಬ್ಬಿಸೂದು ಒಳ್ಳೇದು."

"ಅಕ್ಕೋರೆ, ರಾಡಾರ್‌ನಲ್ಲಿ ಇನ್ನೂ ಹಳದಿನೇ ಇದೆ. ಉಪಗ್ರಹದಲ್ಲಿ 100ರ ಹತ್ತಿರಕ್ಕೂ ಬಂದಿಲ್ಲ. ಸ್ವಲ್ಪ ನೋಡುವಾ."

ಏಳು ಅಡಿಕೆ ಅಂದರೆ 140 ಮಿ.ಮೀ. ಐದು ಗಂಟೆಯಲ್ಲಿ. ಹುಡುಗನಿಗೆ ಲೆಕ್ಕ ಬರುತ್ತಿತ್ತು. ಆದರೆ ಒಂದು ಕಡೆ ಮುದುಕಿಯ ಅಂಗಳದ ಡಬ್ಬ, ಇನ್ನೊಂದು ಕಡೆ ಬಾಹ್ಯಾಕಾಶದಿಂದ ಬಂದ ನಕ್ಷೆ. ಆ ವಯಸ್ಸಿನಲ್ಲಿ ನಾನಾಗಿದ್ದರೂ ನಕ್ಷೆಯನ್ನೇ ನಂಬುತ್ತಿದ್ದೆ. ನಿಯಮವೂ ಹಾಗೇ ಇತ್ತಲ್ವಾ? ತಂಡದ ಉಳಿದವರೂ "ಕಾಯೋಣ" ಅಂದರು.

ನಲವತ್ತು ನಿಮಿಷ ಕಾದರು. 1.50ಕ್ಕೆ ಸಂಕದ ಹಲಗೆಗೆ ನೀರು ತಾಗಿತು. ಆಮೇಲೆ ಓಡಾಟ, ಕೂಗಾಟ. ಒಂಬತ್ತು ಮನೆಯವರು ಮೊಣಕಾಲುದ್ದ ನೀರಿನಲ್ಲಿ ಹಗ್ಗ ಹಿಡಿದು ಸಂಕ ದಾಟಿದರು. ಕೊನೆಯ ಎರಡು ಮನೆಯವರಿಗೆ ದಾಟಲು ಆಗಲಿಲ್ಲ. ಅವರು ಅಟ್ಟ ಹತ್ತಿ ಬೆಳಗಿನವರೆಗೆ ಕೂತರು. ಜೀವ ಹೋಗಲಿಲ್ಲ. ಆದರೆ ಒಂದು ಕೊಟ್ಟಿಗೆಯಲ್ಲಿ ಕಟ್ಟಿದ್ದ ಮೂರು ಹಸುಗಳ ಕುಣಿಕೆ ಬಿಚ್ಚಲು ಸಮಯ ಸಿಗಲಿಲ್ಲ. ಬೆಳಿಗ್ಗೆ ನಾನು ಹೋದಾಗ ಆ ಮನೆಯ ಅತ್ತಿಗೆ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದರು, ಕೈಯಲ್ಲಿ ಒದ್ದೆ ಹಗ್ಗ. ಯಾರನ್ನೂ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು.

ಎರಡು ಗಂಟೆಗೆ ಅಕ್ಕೋರ ಜಗಲಿಯಲ್ಲಿ ಒಂಬತ್ತು ಅಡಿಕೆ, ಲೋಟದಲ್ಲಿ ಇನ್ನೂ 4 ಮಿ.ಮೀ. ಆರು ಗಂಟೆಯಲ್ಲಿ ಒಟ್ಟು 184.

ಲೆಕ್ಕ ಎಲ್ಲಿ ತಪ್ಪಿತು?

ಹುಡುಗ ಆ ರಾತ್ರಿಯ ರಾಡಾರ್ ಚಿತ್ರಗಳನ್ನೆಲ್ಲ ಉಳಿಸಿಟ್ಟಿದ್ದ. ನಾವು ಕೂತು ಬಣ್ಣ ನೋಡಿ, ಸೂತ್ರ ಹಾಕಿ, ಆ ಆರು ಗಂಟೆಯ ಮಳೆ ಕೂಡಿಸಿದೆವು. 80 ಮಿ.ಮೀ. ಬಂತು. ಉಪಗ್ರಹದ ನಕ್ಷೆಯಲ್ಲಿ ಅದೇ ಅವಧಿಗೆ 55. ನೆಲದ ಮೇಲೆ 184. ಇಷ್ಟು ಅಂತರ ಹೇಗೆ? ಇದನ್ನು ಬಿಡಿಸಿಕೊಳ್ಳಲು ನಮಗೆ ಎರಡು ವಾರ ಹಿಡಿಯಿತು.

ಮೊದಲನೆಯದು, ರಾಡಾರ್ ಮಳೆಯನ್ನು ಅಳೆಯುವುದೇ ಇಲ್ಲ. ಅದು ಕಳಿಸಿದ ಅಲೆ ಹನಿಗಳಿಗೆ ತಾಗಿ ಎಷ್ಟು ವಾಪಸ್ ಬಂತು ಅನ್ನುವುದನ್ನು ಅಳೆಯುತ್ತದೆ. ಅದರ ಲೆಕ್ಕ ಡಿಬಿಝಡ್ ಅನ್ನುವ ಮಾನದಲ್ಲಿ. ಅದನ್ನು ಮಳೆಗೆ ತಿರುಗಿಸಲು ಸೂತ್ರ ಬೇಕು. ಹೆಚ್ಚು ಬಳಕೆಯಲ್ಲಿರುವುದು ಮಾರ್ಷಲ್ ಮತ್ತು ಪಾಮರ್ 1948ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದ ಸೂತ್ರ. ಅದರ ಪ್ರಕಾರ 45 ಡಿಬಿಝಡ್ ಅಂದರೆ ಗಂಟೆಗೆ ಸುಮಾರು 24 ಮಿ.ಮೀ. ಮಳೆ. ಉಷ್ಣವಲಯದ ಮಳೆಗೆ ಅಂತಲೇ ಇರುವ ಇನ್ನೊಂದು ಸೂತ್ರಕ್ಕೆ ಅದೇ 45 ಹಾಕಿದರೆ ಗಂಟೆಗೆ 56 ಮಿ.ಮೀ. ರಾಡಾರ್ ನೋಡಿದ್ದು ಒಂದೇ, ಮಳೆ ಎರಡು ಪಟ್ಟಿಗೂ ಜಾಸ್ತಿ!

ಕಾರಣ ಹನಿಯ ಗಾತ್ರ. ವಾಪಸ್ ಬರುವ ಅಲೆ ಹನಿಯ ವ್ಯಾಸದ ಆರನೇ ಘಾತದ ಲೆಕ್ಕದಲ್ಲಿ ಏರುತ್ತದೆ. ನೀರಿನ ಪ್ರಮಾಣ ಏರುವುದು ಮೂರನೇ ಘಾತದಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. 3 ಮಿ.ಮೀ. ದಪ್ಪದ ಒಂದೇ ಒಂದು ಹನಿ ರಾಡಾರ್‌ಗೆ ಎಷ್ಟು ಹೊಳೆಯುತ್ತದೋ, ಅಷ್ಟು ಹೊಳೆಯಲು 1 ಮಿ.ಮೀ. ದಪ್ಪದ 729 ಹನಿ ಬೇಕು. ಆದರೆ ಆ 729 ಹನಿಯಲ್ಲಿರುವ ನೀರು ಆ ಒಂದು ದೊಡ್ಡ ಹನಿಯ 27 ಪಟ್ಟು. ನಮ್ಮ ಜುಲೈ ಮಳೆಯ ಸ್ವಭಾವ ನೋಡಿ. ಕಡಲಿನಿಂದ ಬಂದ ಒದ್ದೆ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಸಣ್ಣ ಹನಿ, ಲೆಕ್ಕವಿಲ್ಲದಷ್ಟು. ರಾಡಾರ್‌ಗೆ ಅದು ಹಳದಿ. ನಮ್ಮ ಹೊಳೆಗೆ ಅದು ಪ್ರವಾಹ.

ಮೊಬೈಲ್‌ನಲ್ಲಿ ಬಣ್ಣ ನೋಡಿ ಸಂಖ್ಯೆ ಹೇಳುವುದರಲ್ಲೂ ತಪ್ಪು ಸೇರುತ್ತದೆ. ಬರೀ 3 ಡಿಬಿಝಡ್ ಆಚೀಚೆ ಆದರೂ ಮಾರ್ಷಲ್-ಪಾಮರ್ ಸೂತ್ರದಲ್ಲಿ ಮಳೆ ಒಂದೂವರೆ ಪಟ್ಟು ಬದಲಾಗುತ್ತದೆ.

ಎರಡನೆಯದು ಎತ್ತರ. ಭೂಮಿ ಗುಂಡಗಿದೆ, ರಾಡಾರ್‌ನ ಕಿರಣ ಹೆಚ್ಚುಕಡಿಮೆ ನೇರ ಹೋಗುತ್ತದೆ. ದೂರ ಹೋದಷ್ಟೂ ಅದು ನೆಲದಿಂದ ಮೇಲೆ ಹೋಗುತ್ತದೆ. ಪಣಜಿಯಿಂದ ಈ ಊರಿಗೆ ನೇರ ದೂರ ಸುಮಾರು 120 ಕಿ.ಮೀ. ಕಿರಣವನ್ನು ಅರ್ಧ ಡಿಗ್ರಿ ಮೇಲಕ್ಕೆ ಹಾಯಿಸಿದರೆ ಇಲ್ಲಿಗೆ ಬರುವ ಹೊತ್ತಿಗೆ ಅದರ ನಡುಭಾಗ ಸುಮಾರು 1.9 ಕಿ.ಮೀ. ಮೇಲಿರುತ್ತದೆ. ಒಂದು ಡಿಗ್ರಿ ಅಗಲದ ಕಿರಣವಾದರೆ ಇಲ್ಲಿ ಅದು 2 ಕಿ.ಮೀ. ದಪ್ಪ. ಅದರ ಕೆಳಗೆ, ಗುಡ್ಡದ ತಲೆಗೆ ತಾಗಿಕೊಂಡೇ ಇರುವ ಮೋಡದಲ್ಲಿ ಹನಿ ಎಷ್ಟು ಬೆಳೆಯಿತು ಅನ್ನುವುದು ರಾಡಾರ್‌ನ ಕಣ್ಣಿಗೆ ಬೀಳುವುದಿಲ್ಲ. ದಕ್ಷಿಣಕ್ಕೆ ಹೋದಷ್ಟೂ ಇದು ಇನ್ನೂ ಕಷ್ಟ. ಪಣಜಿಯಿಂದ ಭಟ್ಕಳ ಸುಮಾರು 185 ಕಿ.ಮೀ., ಅಲ್ಲಿ ಅದೇ ಕಿರಣ ಮೂರೂವರೆ ಕಿ.ಮೀ. ಮೇಲೆ. 2022ರ ಆಗಸ್ಟ್ 1-2ರ ರಾತ್ರಿ ಭಟ್ಕಳದಲ್ಲಿ ಭಾರಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತರು. ಅಂಥ ಮಳೆಯನ್ನು ಅಷ್ಟು ದೂರದ ರಾಡಾರ್‌ನಿಂದ ಅಳೆಯುವಾಗ ಈ ಎತ್ತರ ನೆನಪಿರಬೇಕು.

ಉಪಗ್ರಹದ್ದು ಬೇರೆಯೇ ಕಥೆ. ಇನ್ಸಾಟ್‌ನ ಅವಗೆಂಪು ಚಿತ್ರ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅಂತ ನೋಡುತ್ತದೆ. ನೆತ್ತಿ ತಣ್ಣಗಿದ್ದರೆ ಮೋಡ ಎತ್ತರ, ಎತ್ತರವಿದ್ದರೆ ಮಳೆ ಜೋರು ಅನ್ನುವುದು ಅದರ ಊಹೆ. ಜಿಪಿಎಂ ಬಳಗದ ಮೈಕ್ರೋವೇವ್ ಉಪಕರಣಗಳು ಮೋಡದ ಒಳಗೆ ನೋಡುತ್ತವೆ ನಿಜ. ಆದರೆ ನೆಲದ ಮೇಲೆ ಬೀಳುವ ಮಳೆಗೆ ಅವು ಹೆಚ್ಚಾಗಿ ನಂಬುವುದು ಮೋಡದ ಮೇಲ್ಭಾಗದ ಮಂಜುಗಡ್ಡೆಯ ಕಣಗಳನ್ನು. ಘಟ್ಟದ ಮಳೆಮೋಡ ಎಷ್ಟೋ ಸಲ ಗಿಡ್ಡ. ಮಂಜುಗಡ್ಡೆ ಆಗುವ ಎತ್ತರಕ್ಕೆ ಹೋಗುವ ಮೊದಲೇ ಸುರಿದುಬಿಡುತ್ತದೆ. ನೆತ್ತಿ ಬೆಚ್ಚಗೆ, ಮಂಜುಗಡ್ಡೆ ಕಮ್ಮಿ, ಮಳೆ ವಿಪರೀತ. ಪಶ್ಚಿಮ ಘಟ್ಟದಲ್ಲಿ ಉಪಗ್ರಹದ ಅಂದಾಜು ಕಡಿಮೆ ಬರುವುದಕ್ಕೆ ಇದು ದೊಡ್ಡ ಕಾರಣ.

ಮತ್ತೊಂದು ವಿಷಯ ಗೊತ್ತಾದಾಗ ಹುಡುಗ ತಲೆ ಮೇಲೆ ಕೈ ಇಟ್ಟುಕೊಂಡ. ಅವನು ನೋಡುತ್ತಿದ್ದ ಜಿಪಿಎಂ ನಕ್ಷೆಯ (ಅದರ ಹೆಸರು ಐಮರ್ಜ್) ಮೊದಲ ಆವೃತ್ತಿ ಸುಮಾರು ನಾಲ್ಕು ಗಂಟೆ ತಡವಾಗಿ ಬರುತ್ತದೆ. ರಾತ್ರಿ ಒಂದು ಗಂಟೆಗೆ "100ರ ಹತ್ತಿರಕ್ಕೂ ಬಂದಿಲ್ಲ" ಅಂದನಲ್ಲ, ಆಗ ಅವನ ಕೈಯಲ್ಲಿದ್ದದ್ದು ರಾತ್ರಿ ಒಂಬತ್ತರವರೆಗಿನ ಮಳೆ ಮಾತ್ರ. ಆ ನಕ್ಷೆಯ ಒಂದು ಚೌಕ ಅಂದರೆ 11 ಕಿ.ಮೀ. ಉದ್ದ, ಸುಮಾರು ಅಷ್ಟೇ ಅಗಲ. ಕೆಳಗಿನ ಬಯಲು, ನಮ್ಮ ಊರು, ಘಟ್ಟದ ಏರು ಎಲ್ಲಾ ಒಂದೇ ಚೌಕದೊಳಗೆ. ಎಲ್ಲದರ ಸರಾಸರಿ ಒಂದೇ ಸಂಖ್ಯೆ.

ಮೊದಲ ಪರಿಹಾರ, ಮತ್ತು ಅದರ ಪೆಟ್ಟು

184 ಅನ್ನು 80ರಿಂದ ಭಾಗಿಸಿದರೆ 2.3. "ಹಾಗಾದರೆ ರಾಡಾರ್ ಏನೇ ಹೇಳಲಿ, 2.3ರಿಂದ ಗುಣಿಸಿದರೆ ಆಯ್ತಲ್ಲ" ಅಂತ ಹುಡುಗ ಕೇಳಿದ. ನನಗೂ ಸರಿ ಅನ್ನಿಸಿತು. ಮಾಪಕದ ಲೆಕ್ಕದಿಂದ ರಾಡಾರ್ ಅನ್ನು ತಿದ್ದುವುದು ಎಲ್ಲ ಕಡೆ ಇರುವ ಪದ್ಧತಿಯೇ. ಆ ಮಳೆಗಾಲ ಮುಗಿಯುವವರೆಗೆ ಆ ಗುಣಕ ಕೆಲಸವನ್ನೂ ಮಾಡಿತು. ಆಗಸ್ಟ್‌ನ ಎರಡು ಜೋರು ಮಳೆಯಲ್ಲಿ ಅಕ್ಕೋರ ಲೆಕ್ಕಕ್ಕೆ ಹತ್ತಿರ ಬಂತು. ನಾವು ಸಮಾಧಾನದಲ್ಲಿದ್ದೆವು. ತಪ್ಪು ಮಾಡಿದ್ದು ಅಲ್ಲೇ.

ಅಕ್ಟೋಬರ್, ಚಿತ್ತಾ ಮಳೆ. ಸಂಜೆ ಏಳಕ್ಕೆ ಘಟ್ಟದ ಕಡೆಯಿಂದ ಗುಡುಗು. ಇನ್ಸಾಟ್ ಚಿತ್ರದಲ್ಲಿ ಬೆಳ್ಳಗೆ ಹರಡಿಕೊಂಡ ದೊಡ್ಡ ಮೋಡ, ನೆತ್ತಿ ಬಹಳ ತಣ್ಣಗೆ. ರಾಡಾರ್‌ನಲ್ಲಿ ಊರಿನ ಹತ್ತಿರ 50 ಡಿಬಿಝಡ್, ಕೆಂಪು. ಸೂತ್ರದ ಪ್ರಕಾರ ಗಂಟೆಗೆ 49 ಮಿ.ಮೀ. 2.3ರಿಂದ ಗುಣಿಸಿದರೆ 112! ಹುಡುಗ ಈ ಸಲ ಒಂದು ನಿಮಿಷವೂ ಕಾಯಲಿಲ್ಲ. ಹನ್ನೊಂದು ಮನೆಯವರೂ ಊಟ ಬಿಟ್ಟು, ದನ ಹೊಡೆದುಕೊಂಡು, ಮುದುಕರನ್ನು ಎತ್ತಿಕೊಂಡು ಶಾಲೆಗೆ ಬಂದರು.

ಬಿದ್ದದ್ದು 14 ಮಿ.ಮೀ. ಮುಕ್ಕಾಲು ಲೋಟವೂ ತುಂಬಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಆಕಾಶದಲ್ಲಿ ನಕ್ಷತ್ರ.

ಶಾಲೆಯ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತಿದ್ದ ಅಜ್ಜ ಎದ್ದು ಹೊರಡುವಾಗ ಹುಡುಗನ ಭುಜದ ಮೇಲೆ ಕೈ ಇಟ್ಟರು. "ಮುಂದಿನ ಸಲ ನನ್ನ ಎಬ್ಬಿಸಬೇಡ ತಮಾ. ಬಂದದ್ದು ಬರಲಿ" ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ, ದಣಿದು ಹೇಳಿದ್ದು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ತಿರುವು ಜುಲೈ ರಾತ್ರಿಯಲ್ಲ, ಈ ಮಾತು. ಜುಲೈಯಲ್ಲಿ ನಾವು ಹಸು ಕಳೆದುಕೊಂಡೆವು. ಅಕ್ಟೋಬರ್‌ನಲ್ಲಿ ನಂಬಿಕೆ ಕಳೆದುಕೊಂಡೆವು. ಅಕ್ಟೋಬರ್ ಮಳೆಯನ್ನು ಸುಮ್ನೆ ಗುಡುಗು ಅಂತ ಬಿಡುವ ಹಾಗೂ ಇಲ್ಲ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತದ್ದು ಈ ಜಿಲ್ಲೆ ಮರೆತಿಲ್ಲ.

ಏನಾಗಿತ್ತು? ಜುಲೈ ಮಳೆಗೆ ಹೊಲಿದ ಅಂಗಿಯನ್ನು ಅಕ್ಟೋಬರ್ ಮಳೆಗೆ ತೊಡಿಸಿದ್ದೆವು. ಗುಡುಗಿನ ಮಳೆಯಲ್ಲಿ ಹನಿ ದಪ್ಪ, ಕೆಲವೊಮ್ಮೆ ಆಲಿಕಲ್ಲು. ಸ್ವಲ್ಪ ನೀರಿಗೇ ರಾಡಾರ್ ಕೆಂಪಾಗುತ್ತದೆ. ಅಲ್ಲಿ ಗುಣಿಸುವುದು ಬೇಡವೇ ಬೇಡ, ಕೆಲವೊಮ್ಮೆ ಕಳೆಯಬೇಕು. ಉಪಗ್ರಹಕ್ಕೆ ಕಂಡ ತಣ್ಣನೆ ನೆತ್ತಿಯಲ್ಲಿ ಬಹುಪಾಲು, ಗುಡುಗುಮೋಡ ಮೇಲೆ ಹೋಗಿ ಕೊಡೆಯ ಹಾಗೆ ಹರಡಿದ ಭಾಗ. ಅದರ ಕೆಳಗೆ ಮಳೆಯೇ ಇರುವುದಿಲ್ಲ. ಸುರಿಯುವ ಜಾಗ ಚಿಕ್ಕದು, ಅದು ನಮ್ಮಿಂದ ಐದಾರು ಕಿ.ಮೀ. ಆಚೆ ಇತ್ತು.

ಆಮೇಲೆ ಮಾಡಿದ್ದು

ಬೇಸಿಗೆಯಲ್ಲಿ ಅಕ್ಕೋರ ಮನೆ ಜಗಲಿಯಲ್ಲಿ ಮೂರು ಸಭೆ ಆಯಿತು. ಆಗ ಮೊದಲ ಬಾರಿಗೆ ಆ ನೋಟ್‌ಬುಕ್ ಎಲ್ಲರ ಮುಂದೆ ತೆರೆದುಕೊಂಡಿತು. ದಿನದ ಒಟ್ಟು ಮಳೆಗೂ ಸಂಕದ ನೀರಿಗೂ ಅಷ್ಟು ಹೊಂದಿಕೆ ಇರಲಿಲ್ಲ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ಅದು ಜಿಲ್ಲೆಗೆ ಸರಿ. ನಮ್ಮಂಥ ಪುಟ್ಟ ಹೊಳೆಗೆ ಮುಖ್ಯ ಮೂರು ಗಂಟೆಯ ಮಳೆ. ಅಕ್ಕೋರು ಜೋರು ಮಳೆಯ ದಿನಗಳಲ್ಲಿ ಹೊತ್ತುಹೊತ್ತಿಗೆ ಬರೆದಿದ್ದರಿಂದ ಅದು ಸಿಕ್ಕಿತು. ಮೂರು ಗಂಟೆಯಲ್ಲಿ 70 ದಾಟಿದರೆ ದನ ಬಿಚ್ಚಿ ಮೇಲೆ ಹೊಡೆಯುವುದು. 100 ದಾಟಿದರೆ ಜನ ಹೊರಡುವುದು. ಇದು ಈ ಹೊಳೆಯ ಲೆಕ್ಕ ಮಾತ್ರ. ದಯವಿಟ್ಟು ಬೇರೆ ಊರಿಗೆ ಹಾಗೇ ಎತ್ತಿಕೊಂಡು ಹೋಗಬೇಡಿ.

ಮಾಪಕ ಒಂದಿದ್ದದ್ದು ನಾಲ್ಕಾಯಿತು. ಮುಖ್ಯವಾದದ್ದು ಹೊಳೆಯ ಮೇಲಿನ ಮಜಿರೆಯಲ್ಲಿ ಇಟ್ಟದ್ದು. ಜೊತೆಗೆ ಪಂಚಾಯಿತಿ ಹತ್ತಿರದ ಟೆಲಿಮೆಟ್ರಿಕ್ ಮಳೆಮಾಪಕ. ರಾಜ್ಯದಲ್ಲಿ ಇಂಥವು 6,000ಕ್ಕೂ ಹೆಚ್ಚಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಇಷ್ಟು ಹತ್ತಿರ ಇದ್ದದ್ದನ್ನು ನಾವು ಮೊದಲ ವರ್ಷ ನೋಡಿಯೇ ಇರಲಿಲ್ಲ.

ಮಾಪಕವೂ ತಪ್ಪುತ್ತದೆ, ಅದನ್ನೂ ಹೇಳಬೇಕು. ಜೂನ್‌ನಲ್ಲಿ ಒಂದು ರಾತ್ರಿ ಮೂರು ಮಾಪಕ 60 ಹೇಳಿದರೆ ನಾಲ್ಕನೆಯದು 4 ಅಂದಿತು. ಬ್ಯಾಟರಿ ಹಿಡಿದು ಹೋಗಿ ನೋಡಿದರೆ ಬಾಯಿಯಲ್ಲಿ ಒಂದು ಹಲಸಿನ ಎಲೆ ಮುಚ್ಚಳದ ಹಾಗೆ ಕೂತಿತ್ತು. ಗಾಳಿ ಜೋರಿದ್ದರೆ ಹನಿ ಮಾಪಕದ ಬಾಯಿಯ ಮೇಲಿಂದ ಹಾರಿ ಹೋಗುತ್ತದೆ. ತೂಗುಬಟ್ಟಲಿನ ಯಂತ್ರದಲ್ಲಿ ಮಳೆ ವಿಪರೀತ ಆದಾಗ, ಬಟ್ಟಲು ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಅಂದರೆ ಮಾಪಕ 100 ಅಂದರೆ ಕನಿಷ್ಠ 100 ಅಂತ ತಿಳಿಯಬೇಕು.

ಹಾಗಾದರೆ ರಾಡಾರ್ ಬಿಟ್ಟೆವಾ? ಇಲ್ಲ. ಮುಂದಿನ ಜುಲೈಯ ಒಂದು ರಾತ್ರಿ ಹೇಳುತ್ತೇನೆ. 11.20ಕ್ಕೆ ಮೇಲಿನ ಮಜಿರೆಯಿಂದ ಫೋನ್ ಬಂತು, ಮೂರು ಗಂಟೆಯಲ್ಲಿ 104. ಅಕ್ಕೋರ ಅಂಗಳದಲ್ಲಿ ಆಗ ಬರೀ 66. ಹಳೆಯ ನಿಯಮ ಇದ್ದಿದ್ದರೆ ಯಾರೂ ಏಳುತ್ತಿರಲಿಲ್ಲ. ಈ ಸಲ ಹೊರಟರು. ಅಜ್ಜನನ್ನು ಹುಡುಗನೇ ಹೋಗಿ ಎಬ್ಬಿಸಿದ. ಅವರು ಒಂದು ಮಾತೂ ಆಡದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದರು. ಸಂಕದ ಮೇಲೆ ನೀರು ಬಂದದ್ದು 12.40ಕ್ಕೆ. 80 ನಿಮಿಷ ಸಿಕ್ಕಿತು. ದನಗಳೆಲ್ಲ ಆಗಲೇ ಶಾಲೆಯ ಹಿಂದಿನ ಗುಡ್ಡದಲ್ಲಿದ್ದವು.

ಎರಡು ಗಂಟೆಗೆ ಮಳೆ ನಿಂತಿತು. ನೀರು ಇಳಿಯಿತು, ಸಂಕ ಕಂಡಿತು. ಜನ ಎದ್ದು ಹೊರಟರು. ಮಕ್ಕಳಿಗೆ ನಿದ್ದೆ, ಮನೆ ಅಲ್ಲೇ ಕಾಣುತ್ತಿದೆ. ಆಗ ಹುಡುಗ ಬಾಗಿಲಿಗೆ ಅಡ್ಡ ನಿಂತ. ಮೊಬೈಲ್‌ನಲ್ಲಿ ರಾಡಾರ್ ಚಿತ್ರ. ಗೋಕರ್ಣದ ಆಚೆ ಕಡಲಿನ ಮೇಲೆ ಇನ್ನೊಂದು ಪಟ್ಟಿ, ಸುಮಾರು 40 ಕಿ.ಮೀ. ದೂರದಲ್ಲಿ. ಅರ್ಧ ಗಂಟೆಯ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿದರೆ ಅದು ದಡದ ಕಡೆಗೇ ಬರುತ್ತಿತ್ತು. "ಎಷ್ಟು ಬರ್ತದೆ ಅಂತ ಗೊತ್ತಿಲ್ಲ. ಬರ್ತದೆ ಅಂತ ಮಾತ್ರ ಗೊತ್ತು" ಅಂದ. ಅಕ್ಕೋರು ಅವನ ಪಕ್ಕಕ್ಕೆ ಬಂದು ನಿಂತರು. ಯಾರೂ ಹೊರಡಲಿಲ್ಲ. ಮೂರು ಗಂಟೆಗೆ ಮತ್ತೆ ಸುರಿಯಿತು, ಮೂರೂವರೆಗೆ ಸಂಕ ಮುಳುಗಿತು.

ರಾಡಾರ್‌ನಲ್ಲಿ ಆ ಪಟ್ಟಿಯ ಬಣ್ಣ ಆಗಲೂ ಹಳದಿಯೇ ಇತ್ತು. ಆದರೆ ಆ ರಾತ್ರಿ ಅವನು ನೋಡಿದ್ದು ಬಣ್ಣವನ್ನಲ್ಲ, ಅದು ಹೋಗುವ ದಿಕ್ಕನ್ನು.

ಈಗ ತಂಡದವರು ಮೂರನ್ನೂ ಬಳಸುತ್ತಾರೆ. ಎಬ್ಬಿಸುವುದು ಮಾಪಕ ನೋಡಿ, ವಾಪಸ್ ಕಳಿಸುವುದು ರಾಡಾರ್ ನೋಡಿ. ಉಪಗ್ರಹದ ಚಿತ್ರ ಸಂಜೆಯೇ ನೋಡುತ್ತಾರೆ, ಕಡಲಿನ ಮೇಲೆ ರಾಡಾರ್‌ಗೂ ಸಿಗದಷ್ಟು ದೂರ ಏನಿದೆ, ರಾತ್ರಿ ಯಾರು ಎಚ್ಚರ ಇರಬೇಕು ಅಂತ ನಿರ್ಧರಿಸಲು. ಒಂದು ತೊಂದರೆ ಇನ್ನೂ ಬಗೆಹರಿದಿಲ್ಲ. ಮೇಲಿನ ಮಜಿರೆಯಲ್ಲಿ ಕರೆಂಟ್ ಹೋಗಿ ನಾಲ್ಕೈದು ಗಂಟೆಯಾದರೆ ಟವರ್ ಕೂಡ ಹೋಗುತ್ತದೆ, ಅಲ್ಲಿನ ಲೆಕ್ಕ ಕೆಳಗೆ ಬರುವುದಿಲ್ಲ. ಈ ವರ್ಷ ಅಲ್ಲಿನ ಮನೆಯವರು ಎತ್ತರದ ಮಾವಿನ ಮರಕ್ಕೆ ಒಂದು ದೊಡ್ಡ ಟಾರ್ಚ್ ಕಟ್ಟಿದ್ದಾರೆ. 100 ದಾಟಿದರೆ ಅದನ್ನು ಹಚ್ಚುತ್ತಾರೆ. ಜೋರು ಮಳೆಯಲ್ಲಿ ಆ ಬೆಳಕು ಅಕ್ಕೋರ ಜಗಲಿಗೆ ಕಾಣುತ್ತದಾ ಅಂತ ಆರಿದ್ರಾ ಮಳೆಯಲ್ಲಿ ಎರಡು ರಾತ್ರಿ ನೋಡಿದೆವು. ಒಂದು ರಾತ್ರಿ ಕಂಡಿತು. ಇನ್ನೊಂದು ರಾತ್ರಿ ಕಾಣಲಿಲ್ಲ.